ಸೀಗೆಪುಡಿ ಪೊಟ್ಟಣದ ಮೇಲಿನ ಕಣ್ಣು

೧೯೭೮ರ ಬೇಸಿಗೆಯಲ್ಲಿ ಬೀರೂರು ಜಂಕ್ಷನ್ನಿನಲ್ಲಿ ಶಿವಮೊಗ್ಗದ ರೈಲಿಗೆ ಕಾಯುತ್ತಿದ್ದೆ. ನಾನು ಕೂತಿದ್ದ ಬೆಂಚಿನಲ್ಲೇ ಗಂಡ ಹೆಂಡತಿ ಇಬ್ಬರು ಕೂತಿದ್ದರು. ಗಂಡನ ಕೈಯಲ್ಲಿ ಸೀಗೆಪುಡಿಯ ಪೊಟ್ಟಣ. ಅದರ ಮೇಲೆ ‘ವಿಶಾಲಾಕ್ಷಿ’ ಎಂದು ಅಚ್ಚಾಗಿತ್ತು, ಕೆಳಗೆ ದೊಡ್ಡ ಎರಡು ಕಣ್ಣುಗಳಿದ್ದವು.

“ಹೆಸರಿಗೆ ತಕ್ಕಂಗೆ ಚಿತ್ರ ಇರ್ಬೇಕು ಅಂದೋರು ನೀವೇ ಅಲ್ವೇನ್ರೀ?” ಎಂದಳು ಹೆಂಡತಿ.

“ಅವ್ವನ ಹೆಸರು ಕಣೇ. ವಿಶಾಲಾಕ್ಷಿ ಅಂದ್ಮೇಲೆ ಕಣ್ಣಲ್ದೆ ಇನ್ನೇನು ಹಾಕಿಸ್ಲಿ? ಓದೋಕೆ ಬರ್ದೋರೂ ಗುರುತು ಹಿಡೀಲಿ ಅಂತಿದ್ದೆ.”

“ಹಿಡಿದ್ರಲ್ಲ. ಕಣ್ಣಿನ ಔಷಧಿ ಅಂತ ಹಿರೇನಲ್ಲೂರಿನ ಆ ಅಜ್ಜಿ ಕಣ್ಣಿಗೇ ಹಾಕ್ಕೊಂಡ್ರು.”

ಗಂಡ ಪೊಟ್ಟಣವನ್ನು ಮಗುಚಿ ಹಿಡಿದ.

“ಶಿವಮೊಗ್ಗದ ಆಸ್ಪತ್ರೇಲಿ ಇವತ್ತು ಕಟ್ಟು ಬಿಚ್ತಾರಂತೆ. ಒಂದು ಕಣ್ಣು ಉಳಿಯೋದು ಕಷ್ಟ ಅಂದ್ರಂತೆ ಡಾಕ್ಟ್ರು.”

“ಮೊದ್ಲು ಆ ಪೊಟ್ಟಣನೆಲ್ಲ ವಾಪಸ್ ತರಿಸ್ರೀ.”

“ಕಡೂರು, ತರೀಕೆರೆ ಅಂಗಡಿಯೋರು ಕೊಟ್ರು. ಸಂತೇಲಿ ಮಾರಿರೋವು ಯಾವ್ಯಾವ ಮನೇಲವೋ! ಯಾರನ್ನ ಅಂತ ಕೇಳ್ಲಿ?”

“ಅಜ್ಜಿ ನಮ್ಮನ್ನ ಏನಾದ್ರೂ ಅಂದ್ರಾ?”

“ಅವ್ರ ಮಗ ಹೇಳ್ದ. ‘ಅವ್ರದೇನು ತಪ್ಪಪ್ಪಾ, ಓದು ಬರ್ದೆ ಹಾಕ್ಕೊಂಡೋಳು ನಾನು’ ಅಂತ ಅಳ್ತಾರಂತೆ.”

ರೈಲು ಬಂತು. ಹೆಂಡತಿ ಬಾಳೆಹಣ್ಣಿನ ಚೀಲ ಎತ್ತಿಕೊಂಡಳು.

“ಹೋಗಿ ಏನಂತ ಮಾತಾಡ್ಸೋಣ್ರೀ?”

“ನಂಗೂ ತಿಳೀತಿಲ್ಲ. ಬೈದಿದ್ರೆ ಎಷ್ಟೋ ವಾಸಿಯಾಗಿತ್ತು ಕಣೇ,” ಎಂದ ಗಂಡ.

ಅವನು ಮುಂದೆ, ಅವಳು ಹಿಂದೆ, ಇಬ್ಬರೂ ಜನರ ನಡುವೆ ನುಗ್ಗಿ ಡಬ್ಬಿ ಹತ್ತಿದರು.