ಒಂದು ಉಸಿರಿನ ಸಾಲು

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕಕ್ಕೆ ತಾಯಿ, ಮಗಳು. ಜಾವಾ ಪ್ರೋಗ್ರಾಂ ಬರೆಯುವ ಕೆಲಸದ ಇಂಟರ್‌ವ್ಯೂ ಮುಗಿಸಿ ತಾಯಿ ನೇರ ಇಲ್ಲಿಗೇ ಬಂದಿದ್ದರು.

“ಕೆಲಸ ಸಿಕ್ತಾ, ಇಲ್ವಾ, ಅಷ್ಟು ಹೇಳಮ್ಮ!”

“ತಡಿಯೇ. ಬಸ್ ಟಿಕೆಟ್ ಪ್ರೋಗ್ರಾಂ ಒಂದನ್ನ ಚಿಕ್ಕದು ಮಾಡಿ ಅಂದ್ರು. ಅರವತ್ತು ದಾಟಿದವರಿಗೆ ಅರ್ಧ ಟಿಕೆಟ್, ಉಳಿದವರಿಗೆ ಪೂರ್ತಿ. ಹೀಗಿದ್ರೆ ಇಷ್ಟು, ಇಲ್ಲದಿದ್ರೆ ಅಷ್ಟು ಅನ್ನೋಕೆ ಇಫ್, ಎಲ್ಸ್ ಅಂತ ಐದು ಸಾಲಿತ್ತು. ಇಫ್ ಬದಲು ಜಾವಾದ ಪ್ರಶ್ನೆಚಿಹ್ನೆ ಹಾಕಿ ಒಂದೇ ಸಾಲು ಮಾಡಿದೆ.”

“ಮಕ್ಕಳು, ಪಾಸಿನವರು? ಅವರನ್ನೂ ಅದರಲ್ಲೇ ತುರುಕಿದ್ಯಾ, ಹೋದ ಸಲದ ಇಂಟರ್‌ವ್ಯೂನ ಹಾಗೆ?”

“ಇಲ್ವೇ. ಜೋರಾಗಿ ಓದಿ ನೋಡಿದೆ, ಒಂದು ಉಸಿರಿಗೆ ಮುಗೀಲಿಲ್ಲ. ಅಲ್ಲಿ ಇಫ್ ಹಾಗೇ ಬಿಟ್ಟೆ. ಸಾಹೇಬ್ರು ಎದ್ದು ನಿಂತು, ಸೋಮವಾರದಿಂದ ಕೆಲಸಕ್ಕೆ ಬನ್ನಿ ಅಂದ್ರು.”

ಸಾಲು ಒಂದು ಉಸಿರಿಗೆ ಮುಗಿಯಬೇಕು ಅಂತ ಪದ್ಯ ಓದಿಸಿಕೊಂಡು ಬೆಳೆದ ನಾನು, ಆ ಅಳತೆ ಇಲ್ಲೂ ಗೆದ್ದಿತೆಂದು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ.

ನರ್ಸ್ ತಾಯಿಯ ಚೀಟಿ ಹಿಡಿದು ಬಂದಳು. “ಉದ್ಯೋಗ ಟೈಲರಿಂಗ್ ಅಲ್ವಾ, ಅಕ್ಕ?”

“ಹೊಡೆದುಹಾಕಮ್ಮ. ಪ್ರೋಗ್ರಾಮರ್ ಅಂತ ಬರಿ.”

ತಾಯಿಯ ಚೀಲ ಹೊತ್ತು ಮಗಳೂ ಅವರ ಹಿಂದೆ ಒಳಗೆ ನಡೆದಳು.