ಹೊಳೆಬದಿಯ ಗೆಸ್ಟ್‌ಹೌಸ್

ಹೂಡೆಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕದ ಹೆಂಗಸು ಕಂಡಕ್ಟರನಿಗೆ ಮೊಬೈಲ್ ತೋರಿಸಿದರು.

“ಮುದ್ದಣ್ಣ, ನಮ್ಮ ಗೆಸ್ಟ್‌ಹೌಸಿನ ವೆಬ್‌ಸೈಟ್ ನೋಡು.”

“ಚಂದ ಉಂಟು ಬಾಯಮ್ಮ. ಜನ ಬರ್ತಾರಾ?”

“ನೋಡ್ತಾರೆ, ಬರುವುದಿಲ್ಲ. ನೋಡುವವರೂ ದುಬೈಯ ನಮ್ಮ ಸಂಬಂಧಿಕರೇ.”

“ಜಾಹೀರಾತು ಕೊಡಿ ಮಾರಾಯ್ರೆ.”

“ದುಡ್ಡೆಲ್ಲ ಬಾತ್‌ರೂಮಿನ ಟೈಲ್ಸಿಗೆ ಹೋಯ್ತು. ಈ ತಿಂಗಳು ಯಾರೂ ಬಾರದಿದ್ದರೆ ವೆಬ್‌ಸೈಟ್ ಮುಚ್ಚಿ, ಕೋಣೆಗೆ ತೆಂಗಿನಕಾಯಿ ತುಂಬಿಸ್ತೇನೆ ಅಂತಾರೆ ನಮ್ಮ ಯಜಮಾನರು. ಈ ಚೀಟಿ ಬಸ್ಸಿಗೆ ಅಂಟಿಸ್ತೀಯಾ?”

“ಬಸ್ಸಿನ ಧನಿಗಳು ಬಯ್ತಾರೆ. ಎದುರಿನ ಗಾಜಿನಲ್ಲಿ ದೇವರುಗಳಿಗೇ ಜಾಗ ಸಾಲುವುದಿಲ್ಲ.”

“ಮತ್ತೆ ನಿನ್ನಿಂದ ಎಂತ ಉಪಯೋಗ?”

ಮುದ್ದಣ್ಣ ಬಾಗಿಲಿಗೆ ಹೋದ. ಅವರ ಸ್ಟಾಪು ಬಂದಾಗ ಎಂದಿನಂತೆ ಊರಿನ ಹೆಸರು ಕೂಗಿದ. ಆದರೆ ಕೂಗು ಅಲ್ಲಿಗೇ ನಿಲ್ಲಲಿಲ್ಲ.

“ಕೆಮ್ಮಣ್ಣು, ಕೆಮ್ಮಣ್ಣು! ಬಾಯಮ್ಮನ ಗೆಸ್ಟ್‌ಹೌಸ್, ಹೊಳೆಬದಿ, ಬೆಳಿಗ್ಗೆ ನೀರ್‌ದೋಸೆ, ಹೊಸ ಟೈಲ್ಸ್!”

ಬಸ್ಸಿಗೆ ಬಸ್ಸೇ ನಕ್ಕಿತು. ಬಾಯಮ್ಮ ನಾಚಿಕೊಂಡು ಇಳಿದರು. ಹಿಂದಿನ ಸೀಟಿನಲ್ಲಿ ದೊಡ್ಡ ಬ್ಯಾಗುಗಳೊಂದಿಗೆ ಕುಳಿತಿದ್ದ ಇಬ್ಬರು ಹುಡುಗಿಯರು ಮುಖ ಮುಖ ನೋಡಿಕೊಂಡರು.

“ನೀರ್‌ದೋಸೆ ನಿಜವಾ?” ಒಬ್ಬಳು ಕೇಳಿದಳು.

“ಮೀನು ಸಾರೂ ಉಂಟು!” ಬಾಯಮ್ಮ ಕೆಳಗಿನಿಂದಲೇ ಕೂಗಿದರು.

ಮುದ್ದಣ್ಣ ಬ್ಯಾಗುಗಳನ್ನು ಒಂದೊಂದಾಗಿ ಇಳಿಸಿಕೊಟ್ಟು, ಆಮೇಲೆ ಸೀಟಿ ಊದಿದ.