ವೇದಿಕೆಗೆ ಬಂದ ಕುರ್ಚಿಗಳು

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ನನ್ನ ಜೊತೆ ದುಡಿದ ದಾದಿಯರೇ, ವೈದ್ಯ ಮಿತ್ರರೇ, ನನ್ನ ನಿವೃತ್ತಿಯ ನೆಪದಲ್ಲಿ ಮಧ್ಯಾಹ್ನದ ನಿದ್ದೆ ಬಿಟ್ಟು ಬಂದಿರುವ ಸಭಿಕರೇ,

ಇಷ್ಟು ಹೊತ್ತು ನನ್ನನ್ನು ಹೊಗಳಿದಿರಿ. ಅದರಲ್ಲಿ ಅರ್ಧ ನಿಜವಾಗಿದ್ದರೂ ನನ್ನ ಮಗಳು ನನ್ನ ಜೊತೆ ಇಷ್ಟೊಂದು ಜಗಳವಾಡುತ್ತಿರಲಿಲ್ಲ. ಇರಲಿ. ನಾನು ಭಾಷಣ ಬರೆದುಕೊಂಡು ಬಂದಿದ್ದೆ, ಅದನ್ನೀಗ ಓದುವುದಿಲ್ಲ. ಯಾಕೆಂದರೆ ಇಲ್ಲಿ ಕೂತ ಕೂಡಲೇ ನನ್ನ ಬೆನ್ನಿಗೆ ಗುರುತು ಸಿಕ್ಕಿತು. ಬೆನ್ನಿಗೆ ಒರಗು, ಮೊಣಕೈಗೆ ಆಸರೆ ಇರುವ ಈ ಮೆತ್ತನೆಯ ಕುರ್ಚಿಗಳು ಎಲ್ಲಿಯವು? ನಮ್ಮ ನವಜಾತ ಶಿಶುಗಳ ತೀವ್ರ ನಿಗಾ ಘಟಕದವು. ತಾಯಂದಿರವು. ಸಮಾರಂಭ ಚೆನ್ನಾಗಿ ಕಾಣಲಿ ಎಂದು ಯಾರೋ ಪುಣ್ಯಾತ್ಮರು ಎತ್ತಿಕೊಂಡು ಬಂದಿದ್ದಾರೆ.

ಇವುಗಳಿಗಾಗಿ ನಾನು ಯಾರ ಹತ್ತಿರ ಜಗಳವಾಡಿಲ್ಲ? ಆಡಳಿತಾಧಿಕಾರಿಗಳು ಅಂದು ಕೇಳಿದ್ದರು: "ಕುರ್ಚಿ ಏನು ಔಷಧಿನಾ ಡಾಕ್ಟ್ರೇ?" "ಹೌದು ರೀ, ಔಷಧಿನೇ" ಎಂದಿದ್ದೆ. ಅಂಗೈಯಗಲದ ಮಗುವನ್ನು ಎದೆಗೊರಗಿಸಿಕೊಂಡ ತಾಯಿ ಎಷ್ಟು ಹೊತ್ತು ನಿಂತಾಳು? ಬೆನ್ನು ನೋಯುತ್ತಾ, ಮಗುವಿಗೆ ಹಾಕಿದ ವೈರುಗಳಿಗೆ ಹೆದರುತ್ತಾ ಇದ್ದರೆ ಹಾಲು ಇಳಿಯುವುದಾದರೂ ಹೇಗೆ?

ಈಗ ಅಲ್ಲಿ ಒಬ್ಬಳು ಕಾಯುತ್ತಿದ್ದಾಳೆ. ಹೊಲಿಗೆ ಕೆಲಸದವಳು. ಹುಟ್ಟಿದಾಗಿನಿಂದ ಅವಳ ಮಗ, ಅವಳು ಹಿಂಡಿಕೊಟ್ಟ ಹಾಲನ್ನು ಮೂಗಿಗೆ ಹಾಕಿದ ಕೊಳವೆಯಲ್ಲೇ ಕುಡಿಯುತ್ತಿದ್ದಾನೆ. ನಿನ್ನೆ ಎದೆಯ ಮೇಲೆ ಮಲಗಿದ್ದವನು ತಾನೇ ತಲೆ ಹೊರಳಿಸಿ ಬಾಯಿ ತೆರೆದ. "ಅಯ್ಯೋ, ಹುಡುಕ್ತಿದ್ದಾನೆ ನೋಡಿ!" ಎಂದು ಅವಳು ಕೂಗಿದ್ದು ಕಾರಿಡಾರಿಗೆಲ್ಲ ಕೇಳಿಸಿತು. ಇವತ್ತು ಮೊದಲ ಸಲ ಅವನಿಗೆ ಮೊಲೆ ಹಿಡಿಸಬೇಕು. ಅವನು ಎಚ್ಚರವಾಗಿದ್ದಾನೆ. ಆದರೆ ದಾದಿ ಈಗಷ್ಟೇ ಬಂದು ನನ್ನ ಕಿವಿಯಲ್ಲಿ ಹೇಳಿದಳು: "ಕೂರೋಕೆ ಸ್ಟೂಲ್ ಒಂದೇ ಇರೋದು ಮೇಡಂ. ಅವಳಿಗೆ ಬೆನ್ನು ನಿಲ್ತಿಲ್ಲ. ಪರವಾಗಿಲ್ಲ ಬಿಡಿ, ನಾಳೆ ನೋಡೋಣ ಅಂತಿದ್ದಾಳೆ."

ನಾಳೆಯಂತೆ! ಸಭಿಕರೇ, ನನಗೂ ಹಾಗೇ ಹೇಳಿದ್ದರು. ನನ್ನ ಮಗಳೂ ಅವಸರದ ಪಿಂಡ, ದಿನ ತುಂಬುವ ಮೊದಲೇ ಬಂದವಳು. ನಾನು ಡಾಕ್ಟರಾಗಿದ್ದರೂ ಗಾಜಿನಾಚೆ ನಿಲ್ಲಿಸಿದರು. ಎದೆಯಲ್ಲಿ ಹಾಲು ಕಟ್ಟಿ, ಬಟ್ಟೆ ಒದ್ದೆಯಾಗುತ್ತಿತ್ತು. "ಇವತ್ತು ಬೇಡ, ನಾಳೆ ನೋಡೋಣ" ಎನ್ನುತ್ತಿದ್ದರು. ದಿನಾ ಅದೇ ನಾಳೆ. ಕೊನೆಗೆ ಮಗು ಕೈಗೆ ಬಂದಾಗ ಹಾಲು ಬತ್ತಿತ್ತು. "ಇವಳಿಗೆ ಹಾಲೇ ಇಲ್ಲ" ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು. ಇತ್ತು ಅತ್ತೆ, ಇತ್ತು. ಬಾಟಲಿ ಹಾಲಲ್ಲೇ ಮಗಳು ಗಟ್ಟಿಮುಟ್ಟಾಗಿ ಬೆಳೆದಳು, ನಿಜ. ಆದರೂ ಆ ನಾಳೆಗಳನ್ನು ನಾನು ಇವತ್ತಿಗೂ ಮರೆತಿಲ್ಲ. ಕ್ಷಮಿಸಿ, ಇದನ್ನೆಲ್ಲ ಹೇಳಬೇಕೆಂದಿರಲಿಲ್ಲ.

ಆದ್ದರಿಂದ ಮಾನ್ಯ ಅಧ್ಯಕ್ಷರೇ, ದಯವಿಟ್ಟು ಏಳಿ. ಮುಖ್ಯ ಅತಿಥಿಗಳೇ, ತಾವೂ ಏಳಿ. ಉಳಿದ ಹೊಗಳಿಕೆಯನ್ನು ಆಮೇಲೆ ನಿಂತೇ ಮುಗಿಸಬಹುದು. ಲಿಫ್ಟಿಗೆ ಕಾಯುವುದು ಬೇಡ, ಒಂದೇ ಮಹಡಿ, ಮೆಟ್ಟಿಲಲ್ಲೇ ಹೋಗೋಣ. ನನ್ನ ಕುರ್ಚಿಯನ್ನು ನಾನೇ ಹೊರುತ್ತೇನೆ. ಈ ಹೂಗುಚ್ಛ ಯಾರಾದರೂ ಹಿಡಿದುಕೊಳ್ಳಿ. ಅಗೋ, ಅಧ್ಯಕ್ಷರು ಎದ್ದೇಬಿಟ್ಟರು! ಕೈ ಜೋಡಿಸುತ್ತಿರುವ ಎಲ್ಲರಿಗೂ ಧನ್ಯವಾದಗಳು. ಸ್ವಲ್ಪ ದಾರಿ ಬಿಡಿ, ಮಗು ಮತ್ತೆ ನಿದ್ದೆ ಹೋಗುವ ಮೊದಲು ನಾವು ಅಲ್ಲಿರಬೇಕು. ನಮಸ್ಕಾರ.